ಹಳೇ ಮನೆಗೆ ಚದರದ ರೇಟು ಹೊಂದುವುದಿಲ್ಲ: ಕಂಟ್ರಾಕ್ಟರ್ ಜೊತೆ ಕೂರುವ ಮೊದಲು

ಬಸವನಗುಡಿ, ಮಲ್ಲೇಶ್ವರ, ಜಯನಗರ ಅಥವಾ ಮೈಸೂರಿನ ಹಳೇ ಬಡಾವಣೆಗಳಲ್ಲಿ ನಲವತ್ತು ಐವತ್ತು ವರ್ಷ ದಾಟಿದ ಮನೆ ಇದ್ದವರು ರಿಪೇರಿಗೆ ಕಂಟ್ರಾಕ್ಟರನ್ನು ಕರೆಸಿದಾಗ ಮೊದಲು ಕೇಳುವುದು ಒಂದೇ ಮಾತು: "ಚದರಕ್ಕೆ (ನೂರು ಚದರಡಿಗೆ) ಎಷ್ಟಾಗುತ್ತೆ?" ಹೊಸ ಮನೆ ಕಟ್ಟುವಾಗ ಈ ಪ್ರಶ್ನೆಗೆ ಅರ್ಥವಿದೆ. ಖಾಲಿ ಸೈಟಿನಲ್ಲಿ ಎಷ್ಟು ಇಟ್ಟಿಗೆ, ಎಷ್ಟು ಕಂಬಿ ಬೇಕೆಂದು ಡ್ರಾಯಿಂಗ್ ನೋಡಿಯೇ ಹೇಳಬಹುದು. ಹಳೇ ಮನೆಯಲ್ಲಿ ಪ್ಲಾಸ್ಟರ್ ಕೆರೆಯುವ ತನಕ ಒಳಗೆ ಏನಿದೆ ಅನ್ನುವುದು ಮಾಲೀಕರಿಗೂ ಗೊತ್ತಿರುವುದಿಲ್ಲ, ಕಂಟ್ರಾಕ್ಟರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ಒಟ್ಟು ಮೊತ್ತ ಕೇಳಿದರೆ ಎರಡರಲ್ಲಿ ಒಂದಾಗುತ್ತದೆ. ಅನುಭವಸ್ಥರು ಅಪಾಯಕ್ಕೆಂದು ಮೊತ್ತ ಏರಿಸಿ ಹೇಳುತ್ತಾರೆ. ಕೆಲಸ ಹಿಡಿಯಲೇಬೇಕು ಅನ್ನುವವರು ಕಡಿಮೆ ಹೇಳಿ, ಗೋಡೆ ಒಡೆದ ಮೇಲೆ "ಇದು ಎಕ್ಸ್‌ಟ್ರಾ ಸಾರ್" ಎಂದು ಒಂದೊಂದೇ ಬಾಬ್ತು ಸೇರಿಸುತ್ತಾ ಹೋಗುತ್ತಾರೆ. ಅರ್ಧ ಒಡೆದ ಮನೆ ಇಟ್ಟುಕೊಂಡು ಚೌಕಾಸಿ ಮಾಡುವ ಶಕ್ತಿ ಯಾರಿಗೂ ಇರುವುದಿಲ್ಲ.

ಹಾಗಾಗಿ ಕ್ರಮವನ್ನೇ ತಿರುಗಿಸಬೇಕು. ಮೊದಲು ಮನೆಯನ್ನು ಅಲ್ಲಲ್ಲಿ ತೆರೆದು ನೋಡಿ, ಆಮೇಲೆ ಬಾಬ್ತುವಾರು ರೇಟು ಬರೆಸಿ, ಕೊನೆಗೆ ಕರಾರಿಗೆ ಸಹಿ ಹಾಕಿ.

ಒಳಗೆ ಏನಿದೆ

ನಮ್ಮ ಕಡೆಯ ಹಳೇ ಮನೆಗಳು ಸಾಮಾನ್ಯವಾಗಿ ಮೂರು ಬಗೆ. ಮೊದಲನೆಯದು ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ದಪ್ಪ ಗೋಡೆಯ ಮನೆ. ಮೇಲೆ ಮಂಗಳೂರು ಹೆಂಚು, ಕಲ್ಲು ಚಪ್ಪಡಿ ಅಥವಾ ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿ. ಎರಡನೆಯದು 1960ರಿಂದ 80ರ ದಶಕದವರೆಗಿನದು: ಸೈಜುಗಲ್ಲಿನ ಪಾಯ, ಸಿಮೆಂಟ್ ಗಾರೆಯ 9 ಇಂಚಿನ ಇಟ್ಟಿಗೆ ಗೋಡೆ, ಅದರ ಮೇಲೆ ನೇರವಾಗಿ ಕೂತ ಆರ್‌ಸಿಸಿ ಮೋಲ್ಡ್ (ಕಂಬಿ ಕಟ್ಟಿ ಹಾಕಿದ ಕಾಂಕ್ರೀಟ್ ಚಾವಣಿ), ಕೆಳಗೆ ರೆಡ್ ಆಕ್ಸೈಡ್ ಇಲ್ಲವೇ ಮೊಸಾಯಿಕ್ ನೆಲ. ಇದರಲ್ಲಿ ಪಿಲ್ಲರ್ ಇರುವುದಿಲ್ಲ, ಗೋಡೆಯೇ ಭಾರ ಹೊರುತ್ತದೆ. ಮೂರನೆಯದು ಆಮೇಲಿನ ಪಿಲ್ಲರ್-ಬೀಮಿನ ಮನೆ. ಗೋಡೆ ತೆಗೆಯುವ ಮಾತು ಸುಲಭವಾಗುವುದು ಇದರಲ್ಲಿ ಮಾತ್ರ.

ನಿಮ್ಮದು ಯಾವುದೆಂದು ತಿಳಿಯಲು ದಾಖಲೆ ಬೇಕಿಲ್ಲ. ಕಪಾಟಿನ ಹಿಂದೆ, ಕಣ್ಣಿಗೆ ಬೀಳದ ಕಡೆ ಒಂದು ಚದರಡಿ ಪ್ಲಾಸ್ಟರ್ ಕಿತ್ತು ಇಟ್ಟಿಗೆಯ ಸಂದನ್ನು ಸ್ಕ್ರೂಡ್ರೈವರಿನಿಂದ ಗೀರಿ. ಬೆಳ್ಳಗೆ ಪುಡಿಯಾಗಿ ಉದುರಿದರೆ ಸುಣ್ಣ, ನೀರು ತಾಕಿಸಿದಾಗ ಮೆತ್ತಗಾಗಿ ಕರಗಿದರೆ ಮಣ್ಣು, ಗೀರೇ ಬೀಳದಿದ್ದರೆ ಸಿಮೆಂಟ್. ಗೋಡೆಯ ದಪ್ಪವನ್ನು ಬಾಗಿಲ ಹತ್ತಿರ ಅಳೆದುಕೊಳ್ಳಿ.

ಆಮೇಲೆ ಚಾವಣಿ. ಬಿದಿರು ಕೋಲಿಗೆ ಸಣ್ಣ ಸುತ್ತಿಗೆ ಕಟ್ಟಿ ಮೋಲ್ಡಿನ ಅಡಿಯನ್ನು ಅಡಿಗೊಂದು ಸಲ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ. ಡಬ್ ಡಬ್ ಎಂದು ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕೋಣೆವಾರು ಎಷ್ಟು ಚದರಡಿ ಎಂದು ಬರೆದಿಡಿ. ಕರಾರಿನಲ್ಲಿ ಮೊದಲು ಬೇಕಾಗುವ ಅಂಕಿ ಅದೇ. ಮದ್ರಾಸ್ ತಾರಸಿಯಾದರೆ ಜಂತೆಯ ನಡುಭಾಗ ನೋಡಿ ಸಮಾಧಾನಪಡಬೇಡಿ. ಜಂತೆ ಕೊಳೆಯುವುದು ಗೋಡೆಯೊಳಗೆ ಹುಗಿದ ತುದಿಯಲ್ಲಿ. ತುದಿಯ ಪಕ್ಕದ ಪ್ಲಾಸ್ಟರ್ ಬಿಡಿಸಿ, ಚೂಪಾದ ಮೊಳೆ ಚುಚ್ಚಿದಾಗ ಅದು ಅರ್ಧ ಇಂಚಿಗಿಂತ ಹೆಚ್ಚು ಸುಲಭವಾಗಿ ಇಳಿದರೆ ಆ ತುದಿಯ ಮೇಲೆ ನಂಬಿಕೆ ಇಡುವಂತಿಲ್ಲ.

ಪಾಯ ನೋಡಲು ಹೊರಗೋಡೆಯ ಪಕ್ಕ 3 ಅಡಿ ಉದ್ದ, 2 ಅಡಿ ಅಗಲದ ಗುಂಡಿಯೊಂದನ್ನು ಕಲ್ಲಿನ ತಳ ಕಾಣುವವರೆಗೆ ತೋಡಿಸಿ, ನೋಡಿದ ದಿನವೇ ಮುಚ್ಚಿಸಿ. ಮೇಲೆ ಇನ್ನೊಂದು ಅಂತಸ್ತು ಏರಿಸುವ ಆಸೆ ಇದ್ದರಂತೂ ಈ ಗುಂಡಿ ತೋಡದೆ ಯಾವ ಮಾತನ್ನೂ ಆಡಬಾರದು.

ನೀರಿನ ಪರೀಕ್ಷೆಗೆ ಖರ್ಚೇ ಇಲ್ಲ. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಗ್ಗೆ ನೋಡಿ. ಇಳಿದಿದ್ದರೆ ಗೋಡೆಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಸೋರುತ್ತಿದೆ, ಇಲ್ಲವೇ ಟ್ಯಾಂಕೇ ಸೋರುತ್ತಿದೆ. ಚರಂಡಿ ಚೇಂಬರಿನ ಮುಚ್ಚಳ ತೆಗೆಸಿ, ಬಚ್ಚಲಲ್ಲಿ ಒಂದು ಬಕೆಟ್ ಬಣ್ಣದ ನೀರು ಸುರಿದು ಅದು ಎಷ್ಟು ಹೊತ್ತಿಗೆ ಬರುತ್ತದೆ, ಪೂರ್ತಿ ಬರುತ್ತದೆಯೇ ಗಮನಿಸಿ. ಹಳೇ ಪಿಂಗಾಣಿ ಪೈಪುಗಳ ಜಾಯಿಂಟಿನಲ್ಲಿ ಸಿಮೆಂಟ್ ಬಿಟ್ಟು ಮರದ ಬೇರು ನುಗ್ಗಿರುವುದು ತೀರಾ ಸಾಮಾನ್ಯ. ಅಂಗಳದಲ್ಲಿ ತೆಂಗೋ ಸಂಪಿಗೆಯೋ ಇದ್ದರೆ ಇದನ್ನು ನೋಡಲೇಬೇಕು.

ಬೆಂಗಳೂರಿನವರು ರಸ್ತೆಯ ಮಟ್ಟವನ್ನೂ ಅಳೆಯಬೇಕು. ವರ್ಷಾನುಗಟ್ಟಲೆ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿದೆ, ಮನೆಯ ಪ್ಲಿಂತ್ (ಪಾಯದ ಮೇಲಿನ ನೆಲದ ಮಟ್ಟ) ಇದ್ದಲ್ಲೇ ಇದೆ. ನೀರು ತುಂಬಿದ ಪಾರದರ್ಶಕ ಲೆವೆಲ್ ಟ್ಯೂಬಿನಿಂದ ರಸ್ತೆಯ ಮಧ್ಯಭಾಗಕ್ಕೂ ಹೊಸ್ತಿಲಿಗೂ ಎಷ್ಟು ಅಂತರವಿದೆ ಎಂದು ನೋಡಿಸಿ. ಒಂದು ಅಡಿಗಿಂತ ಕಡಿಮೆ ಇದ್ದರೆ ಒಳಗೆ ಎಷ್ಟೇ ದುಬಾರಿ ಟೈಲ್ಸ್ ಹಾಕಿದರೂ ಗೇಟಿನ ಬಳಿ ನೀರು ತಡೆಯುವ ಉಬ್ಬು ಮತ್ತು ಅಡ್ಡ ಚರಂಡಿಯ ಕೆಲಸ ಮೊದಲು.

ಇಷ್ಟನ್ನು ನೋಡಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಜೊತೆಗಿರಲಿ, ಮತ್ತು ಅವರು ಕೆಲಸ ಹಿಡಿಯುವ ಕಂಟ್ರಾಕ್ಟರಿನ ಕಡೆಯವರಾಗಿರಬಾರದು. ಅವರ ಫೀಸು ಉಳಿಸಲು ಹೋಗಿ ಬೀಮಿನ ಅಳತೆಯನ್ನು ಮೇಸ್ತ್ರಿಯ ಅಂದಾಜಿಗೆ ಬಿಡುವುದು ಈ ಕೆಲಸದಲ್ಲಿ ಮಾಡಬಹುದಾದ ಅತಿ ದುಬಾರಿ ಉಳಿತಾಯ. ಭಾರ ಹೊರುವ ಗೋಡೆ ತೆಗೆಯುವುದು, ಕೋಣೆ ಅಥವಾ ಅಂತಸ್ತು ಸೇರಿಸುವುದು ಇದ್ದರೆ ಸ್ಥಳೀಯ ಸಂಸ್ಥೆಯ ಅನುಮತಿಯೂ ಬೇಕು. ಅದನ್ನು "ನಾವು ನೋಡ್ಕೋತೀವಿ" ಅನ್ನುವ ಬಾಯಿಮಾತಿಗೆ ಬಿಡಬೇಡಿ.

ಕರಾರಿನಲ್ಲಿ ಏನಿರಬೇಕು

ಕೆಲಸವನ್ನು ಬಾಬ್ತುಗಳಾಗಿ ಒಡೆದು, ಪ್ರತಿಯೊಂದಕ್ಕೂ ಅಳತೆಯ ಘಟಕ ಮತ್ತು ರೇಟು ಬರೆಸಿ. ಹಳೇ ಪ್ಲಾಸ್ಟರ್ ತೆಗೆಯುವುದು ಚದರಡಿಗೆ ಇಷ್ಟು, ಹೊಸ ಪ್ಲಾಸ್ಟರ್ ಚದರಡಿಗೆ ಇಷ್ಟು, ಮೋಲ್ಡಿನ ತುಕ್ಕು ರಿಪೇರಿ ಚದರಡಿಗೆ ಇಷ್ಟು, ಎಲೆಕ್ಟ್ರಿಕಲ್ ಪಾಯಿಂಟಿಗೆ ಇಷ್ಟು, ಡ್ರೈನೇಜ್ ಪೈಪು ರನ್ನಿಂಗ್ ಅಡಿಗೆ ಇಷ್ಟು, ಡೆಬ್ರಿಸ್ (ಒಡೆದ ಇಟ್ಟಿಗೆ-ಗಾರೆಯ ಕಸ) ಲೋಡಿಗೆ ಇಷ್ಟು. ಪ್ರಮಾಣ ಈಗ ಅಂದಾಜಿರಲಿ, ರೇಟು ಮಾತ್ರ ಗಟ್ಟಿಯಾಗಿರಲಿ. ಗೋಡೆ ಬಿಚ್ಚಿದಾಗ 200 ಚದರಡಿ ಅಂದುಕೊಂಡದ್ದು 350 ಆದರೂ ಜಗಳಕ್ಕೆ ಜಾಗವಿಲ್ಲ, ಅಳೆದು ಗುಣಿಸಿದರೆ ಮುಗಿಯಿತು.

ಅಳೆಯುವ ನಿಯಮವನ್ನೂ ಬರೆಯಬೇಕು. ಬಾಗಿಲು ಕಿಟಕಿಯ ಜಾಗ ಕಳೆಯಬೇಕೋ ಬೇಡವೋ ಅನ್ನುವುದು ಪ್ರತಿ ಬಿಲ್ಲಿನಲ್ಲೂ ಬರುವ ತಕರಾರು. ಭಾರತೀಯ ಮಾನಕ ಐಎಸ್ 1200ರ ಪ್ರಕಾರ ಪ್ಲಾಸ್ಟರಿನಲ್ಲಿ 0.5 ಚದರ ಮೀಟರ್, ಅಂದರೆ ಸುಮಾರು 5.4 ಚದರಡಿವರೆಗಿನ ಕಿಂಡಿಗೆ ಏನೂ ಕಳೆಯುವುದಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರ್, ಸುಮಾರು 32 ಚದರಡಿ ಒಳಗಿದ್ದರೆ ಒಂದು ಮುಖ ಮಾತ್ರ ಕಳೆದು, ಅಂಚಿನ ಪ್ಲಾಸ್ಟರನ್ನು ಬೇರೆ ಸೇರಿಸುವುದಿಲ್ಲ. ಅದಕ್ಕೂ ದೊಡ್ಡದಾದರೆ ಎರಡೂ ಮುಖ ಕಳೆದು ಅಂಚುಗಳನ್ನು ಅಳೆದು ಸೇರಿಸುತ್ತಾರೆ. ಮೂರೂವರೆ ಅಡಿ ಅಗಲ, 7 ಅಡಿ ಎತ್ತರದ ಬಾಗಿಲು 24.5 ಚದರಡಿ, ಹಾಗಾಗಿ ಒಂದೇ ಮುಖ ಕಳೆಯಬೇಕು. "ಅಳತೆ ಐಎಸ್ 1200ರಂತೆ" ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ಸಾಕು.

ಲೇಬರ್ ಮಾತ್ರವೋ ಮೆಟೀರಿಯಲ್ ಸಮೇತವೋ? ಹಳೇ ಮನೆಗೆ ಮಿಶ್ರ ಪದ್ಧತಿ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಸಿಮೆಂಟ್, ಎಂ-ಸ್ಯಾಂಡ್, ಇಟ್ಟಿಗೆ ಕಂಟ್ರಾಕ್ಟರೇ ತರಲಿ. ವೈರು, ಸ್ವಿಚ್ಚು, ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪು, ನಲ್ಲಿ, ಟೈಲ್ಸ್, ವಾಟರ್‌ಪ್ರೂಫಿಂಗ್ ಡಬ್ಬಗಳನ್ನು ನೀವೇ ಬಿಲ್ ಸಮೇತ ಕೊಳ್ಳಿ, ಯಾಕೆಂದರೆ ಗೋಡೆಯೊಳಗೆ ಹೋದ ಮೇಲೆ ಯಾವ ಕಂಪನಿಯದ್ದು ಹಾಕಿದರು ಅನ್ನುವುದು ಕಾಣುವುದಿಲ್ಲ. ಕಂಟ್ರಾಕ್ಟರ್ ತರುವುದಕ್ಕೂ ಒಂದು ಲೆಕ್ಕ ಕೈಲಿರಲಿ: 12 ಎಂಎಂ ದಪ್ಪದ 1:6 (ಒಂದು ಪಾಲು ಸಿಮೆಂಟ್, ಆರು ಪಾಲು ಮರಳು) ಒಳಪ್ಲಾಸ್ಟರಿಗೆ 100 ಚದರಡಿಗೆ ಸುಮಾರು ಮುಕ್ಕಾಲು ಚೀಲ ಸಿಮೆಂಟ್, 6 ಘನ ಅಡಿ ಮರಳು ಬೇಕು. ಹಳೇ ಗೋಡೆ ಏರುಪೇರಾಗಿದ್ದು ದಪ್ಪ 20 ಎಂಎಂಗೆ ಹೋದರೆ ಚೀಲ ಒಂದನ್ನು ದಾಟುತ್ತದೆ. 1,000 ಚದರಡಿ ಮುಗಿದಾಗ ನಾಲ್ಕೇ ಚೀಲ ಖಾಲಿಯಾಗಿದ್ದರೆ ಗೋಡೆಯ ಮೇಲಿರುವುದು ಬರೀ ಮರಳು.

ಜಿಎಸ್‌ಟಿ ಸೇರಿದೆಯೋ ಇಲ್ಲವೋ, ನೀರು ಮತ್ತು ಕರೆಂಟಿನ ಖರ್ಚು ಯಾರದು, ಡೆಬ್ರಿಸ್ ಸಾಗಿಸುವುದು ಯಾರು, ಕೆಲಸದವರಿಗೆ ಪೆಟ್ಟಾದರೆ ವಿಮೆ ಯಾರದು, ಪಕ್ಕದ ಮನೆಯ ಗೋಡೆ ಬಿರುಕು ಬಿಟ್ಟರೆ ಯಾರು ಸರಿಮಾಡಬೇಕು, ಇವು ಒಂದೊಂದು ಸಾಲಿನಲ್ಲಾದರೂ ಇರಲಿ. ಕೆಲಸ ಶುರುವಾಗುವ ಮೊದಲು ಪಕ್ಕದ ಮನೆಯವರನ್ನು ಕರೆದು, ಅವರ ಗೋಡೆಯಲ್ಲಿ ಆಗಲೇ ಇರುವ ಬಿರುಕುಗಳ ಫೋಟೋ ಅವರ ಎದುರೇ ತೆಗೆದಿಡಿ. ಮುಂದೆ ಇಬ್ಬರ ಸಂಬಂಧವೂ ಉಳಿಯುತ್ತದೆ.

ಹಣ ಕೊಡುವುದು ವಾರದ ಲೆಕ್ಕದಲ್ಲಿ ಬೇಡ. ಅಡ್ವಾನ್ಸ್ ಹತ್ತು ಪರ್ಸೆಂಟ್ ಸಾಕು. ಉಳಿದದ್ದು ಹಂತ ಮುಗಿದಾಗ: ಒಡೆದು ಡೆಬ್ರಿಸ್ ಸಾಗಿಸಿದ ಮೇಲೆ, ಬೀಮು ಮತ್ತು ಮೋಲ್ಡ್ ರಿಪೇರಿ ಎಂಜಿನಿಯರ್ ನೋಡಿದ ಮೇಲೆ, ಪೈಪುಗಳ ಒತ್ತಡದ ಪರೀಕ್ಷೆ ಪಾಸಾದ ಮೇಲೆ, ಪ್ಲಾಸ್ಟರ್ ಕ್ಯೂರಿಂಗ್ (ನೀರುಣಿಸಿ ಗಟ್ಟಿಮಾಡುವುದು) ಮುಗಿದ ಮೇಲೆ, ಟೈಲ್ಸ್ ಆದ ಮೇಲೆ. ಕೊನೆಯ ಐದು ಪರ್ಸೆಂಟ್ ಮುಂಗಾರು, ಹಿಂಗಾರು ಎರಡೂ ಕಳೆಯುವ ತನಕ ನಿಮ್ಮಲ್ಲೇ ಇರಲಿ. ಪಟ್ಟಿಯಲ್ಲಿಲ್ಲದ ಕೆಲಸ ಬಂದರೆ ಶುರುಮಾಡುವ ಮುಂಚೆಯೇ ವಾಟ್ಸಾಪಿನಲ್ಲಿ ಪ್ರಮಾಣ, ರೇಟು, ಎಷ್ಟು ದಿನ ಹೆಚ್ಚಾಗುತ್ತದೆ ಎಂದು ಬರೆದು ಇಬ್ಬರೂ ಒಪ್ಪಬೇಕು. ಒಳ್ಳೆಯ ಕಂಟ್ರಾಕ್ಟರುಗಳು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರ ಹಣಕ್ಕೂ ಇದೇ ಭದ್ರತೆ. ನಿಮ್ಮ ಕಡೆಯಿಂದ ಒಟ್ಟು ಅಂದಾಜಿನ ಮೇಲೆ ಐದರಲ್ಲಿ ಒಂದು ಪಾಲು ಹೆಚ್ಚುವರಿ ಹಣ ಕೈಲಿಟ್ಟುಕೊಂಡೇ ಕೆಲಸಕ್ಕೆ ಇಳಿಯಿರಿ.

ಒಡೆಯುವಾಗ

ಒಡೆದ ಗೋಡೆ ಮೂಲ ಗಾತ್ರದ ಒಂದೂವರೆ ಪಟ್ಟು ಉಬ್ಬುತ್ತದೆ. 10 ಅಡಿ ಉದ್ದ, 10 ಅಡಿ ಎತ್ತರದ 9 ಇಂಚಿನ ಗೋಡೆ 75 ಘನ ಅಡಿ. ಕೆಡವಿದರೆ 110ರ ಆಸುಪಾಸು, ಟ್ರ್ಯಾಕ್ಟರಿನ ಒಂದು ಟ್ರೇಲರಿಗೆ ತುಸು ಹೆಚ್ಚು. ಇದನ್ನು ದಿನದಿನವೂ ಸಾಗಿಸಬೇಕು, ಅದರಲ್ಲೂ ಮಹಡಿಯಲ್ಲಿ ಒಡೆಯುವಾಗ. ಮನೆಯ ಮೋಲ್ಡನ್ನು ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ 200 ಕಿಲೋ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ಒಂದು ಅಡಿ ಎತ್ತರದ ಡೆಬ್ರಿಸ್ ರಾಶಿ ಅದರ ಎರಡರಷ್ಟು ತೂಗುತ್ತದೆ. "ಸಂಜೆ ಒಟ್ಟಿಗೆ ಎತ್ತೋಣ" ಎಂದು ಕೋಣೆಯ ಮಧ್ಯೆ ಗುಡ್ಡೆ ಹಾಕಿದರೆ ಮೊದಲೇ ತುಕ್ಕು ಹಿಡಿದ ಮೋಲ್ಡ್ ಬಿರುಕು ಬಿಡುವುದು ಅಲ್ಲೇ. ಹಳೇ ಶೆಡ್ಡಿನ ಆಸ್‌ಬೆಸ್ಟಾಸ್ ಶೀಟುಗಳಿದ್ದರೆ ಒಡೆಯದೆ, ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಬೇಕು. ಅದರ ಪುಡಿ ಶ್ವಾಸಕೋಶಕ್ಕೆ ವಿಷ.

ಕಿಟಕಿ ಚೌಕಟ್ಟು ಕೀಳುವಾಗಲೂ ಜೋಪಾನ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಕಾಂಕ್ರೀಟ್ ಲಿಂಟಲ್ ಇರುವುದಿಲ್ಲ. ಮೇಲಿನ ಇಟ್ಟಿಗೆಯನ್ನು ಮರದ ಹಲಗೆಯೋ ಕಲ್ಲೋ ಚೌಕಟ್ಟೋ ಹೊತ್ತಿರುತ್ತದೆ. ಎರಡು ಕಡೆ ಜಾಕ್ ಕೊಟ್ಟು, ಲಿಂಟಲ್ ಕೂರಿಸಿದ ಮೇಲೆಯೇ ಯುಪಿವಿಸಿ ಕಿಟಕಿಯ ಅಳತೆ ತೆಗೆಸಿ. ಕಿತ್ತ ತೇಗ, ಮತ್ತಿ, ಹೊನ್ನೆಯ ಬಾಗಿಲುಗಳನ್ನು ಗುಜರಿಗೆ ಹಾಕಬೇಡಿ. ಈಗಿನ ಬಾಗಿಲುಗಳಲ್ಲಿ ಅಂಥ ಬಲಿತ ಮರ ಸಿಗುವುದು ಕಷ್ಟ, ಕೆರೆದು ಪಾಲಿಶ್ ಮಾಡಿಸಿದರೆ ಇನ್ನೊಂದು ತಲೆಮಾರಿಗೆ ಬರುತ್ತವೆ.

ಹಾಲ್ ದೊಡ್ಡದು ಮಾಡಬೇಕು ಅಂದರೆ

ಅಡುಗೆಮನೆ ಮತ್ತು ಊಟದ ಕೋಣೆಯ ನಡುವಿನ ಗೋಡೆ ತೆಗೆಯುವುದು ಈಗ ಎಲ್ಲರ ಬೇಡಿಕೆ. ಎರಡನೇ ಬಗೆಯ ಮನೆಯಲ್ಲಿ ಆ 9 ಇಂಚಿನ ಗೋಡೆಯ ಮೇಲೆ ಮೋಲ್ಡ್ ಕೂತಿದೆ. ಗೋಡೆ ತೆಗೆದರೆ 10 ಅಡಿಯ ಎರಡು ಹರವು ಸೇರಿ 20 ಅಡಿಯಾಗುತ್ತದೆ, ಬಾಗುವ ಒತ್ತಡ ನಾಲ್ಕರಷ್ಟಾಗುತ್ತದೆ. ಅದಕ್ಕೆ ಬೇಕಾದ ಕಂಬಿ ಆ ಮೋಲ್ಡಿನ ಅಡಿಯಲ್ಲಿ ಇರುವುದೇ ಇಲ್ಲ. ತೆಗೆದ ದಿನ ಬೀಳದಿರಬಹುದು. ನಿಧಾನವಾಗಿ ಜೋತುಬಿದ್ದು ಬಿರುಕು ಬಿಡುತ್ತದೆ. ಆದ್ದರಿಂದ ಗೋಡೆಯ ಜಾಗದಲ್ಲಿ ಬೀಮು ಬರಲೇಬೇಕು.

ಕೆಲಸದ ಕ್ರಮ ಹೀಗಿದೆ. ಗೋಡೆಯ ಎರಡೂ ಬದಿಗೆ 2-3 ಅಡಿ ದೂರದಲ್ಲಿ, 3 ಅಡಿಗೊಂದರಂತೆ ಸ್ಟೀಲ್ ಜಾಕುಗಳನ್ನು ಸಾಲಾಗಿ ನಿಲ್ಲಿಸಿ, ತಲೆಯ ಮೇಲೆ ಉದ್ದ ತೊಲೆ ಕೊಟ್ಟು ಮೋಲ್ಡಿಗೆ ಬಿಗಿಯಾಗಿ ತಾಗಿಸಬೇಕು. ಜಾಕಿನ ಅಡಿಗೂ ದಪ್ಪ ಹಲಗೆ ಬೇಕು, ಇಲ್ಲದಿದ್ದರೆ ರೆಡ್ ಆಕ್ಸೈಡ್ ನೆಲ ತೂತಾಗಿ ಜಾಕು ಕುಸಿಯುತ್ತದೆ. ಮೇಲೆ ಇನ್ನೊಂದು ಅಂತಸ್ತಿನ ಗೋಡೆ ಇದ್ದರೆ ಆ ಗೋಡೆಯಲ್ಲಿ 3 ಅಡಿಗೊಂದು ತೂತು ಕೊರೆದು, ಅಡ್ಡ ಉಕ್ಕಿನ ತೊಲೆಗಳನ್ನು ತೂರಿಸಿ ಅವುಗಳನ್ನೂ ಜಾಕಿನ ಮೇಲೆ ನಿಲ್ಲಿಸಬೇಕಾಗುತ್ತದೆ. ಆಮೇಲೆ ಗೋಡೆಯನ್ನು ಮೇಲಿನಿಂದ ಕೆಳಕ್ಕೆ, ಸಣ್ಣ ಸುತ್ತಿಗೆ ಮತ್ತು ಉಳಿಯಿಂದ ಬಿಡಿಸಬೇಕು. ಎರಡೂ ತುದಿಯಲ್ಲಿ ಬೀಮು ಕೂರುವ ಕಡೆ ಕನಿಷ್ಠ 9 ಇಂಚು ಉದ್ದದ ಕಾಂಕ್ರೀಟ್ ಬೆಡ್ ಬ್ಲಾಕ್ ಹಾಕಿ ಕ್ಯೂರ್ ಮಾಡಬೇಕು. ಬೀಮನ್ನು ನೇರವಾಗಿ ಇಟ್ಟಿಗೆಯ ಮೇಲೆ ಕೂರಿಸಿದರೆ ಅದರಡಿಯ ಇಟ್ಟಿಗೆ ಪುಡಿಯಾಗುತ್ತದೆ.

ಸಾಮಾನ್ಯವಾಗಿ ಬಳಸುವುದು ಇಂಗ್ಲಿಷಿನ I ಆಕಾರದ ಐಎಸ್‌ಎಂಬಿ ಉಕ್ಕಿನ ಬೀಮು. ಒಂದೋ, ಪಕ್ಕಪಕ್ಕ ಎರಡೋ, ಎಷ್ಟು ಆಳದ್ದು ಅನ್ನುವುದು ಎಂಜಿನಿಯರ್ ಲೆಕ್ಕ. ಬೀಮು ಏರಿಸಿದ ಮೇಲೆ ಅದಕ್ಕೂ ಮೋಲ್ಡಿಗೂ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಕೆಲಸ ಕೆಡುವುದು ಈ ಸಂದಿನಲ್ಲಿ. ಮಾಮೂಲಿ ಸಿಮೆಂಟ್ ಗಾರೆ ತುರುಕಿದರೆ ಅದು ಒಣಗುವಾಗ ಕುಗ್ಗಿ ಮತ್ತೆ ಸಂದು ಬಿಡುತ್ತದೆ, ಜಾಕ್ ತೆಗೆದ ದಿನ ಮೋಲ್ಡ್ ಅಷ್ಟು ಕೆಳಗೆ ಇಳಿದು ಬೀಮಿನುದ್ದಕ್ಕೂ ಬಿರುಕು ಮೂಡುತ್ತದೆ. ಉಕ್ಕಿನ ಬೆಣೆ ಹೊಡೆದು, ಕುಗ್ಗದ ಗ್ರೌಟ್ ತುಂಬಿಸಿ, ಅದು ಬಲ ಬರುವವರೆಗೆ ಕನಿಷ್ಠ ಒಂದು ವಾರ ಜಾಕುಗಳನ್ನು ಮುಟ್ಟಬಾರದು. "ನಾಳೆ ಬೇರೆ ಸೈಟಿಗೆ ಜಾಕು ಬೇಕು" ಎಂದು ಬಾಡಿಗೆಯವರು ಬಂದರೂ ಕೊಡಬೇಡಿ. ಬೀಮಿಗೆ ಪ್ರೈಮರ್ ಎರಡು ಕೋಟ್, ಮೇಲೆ ಚಿಕನ್ ಮೆಶ್ ಸುತ್ತಿ ಪ್ಲಾಸ್ಟರ್.

ಮೋಲ್ಡಿನ ತುಕ್ಕು

ಹಳೇ ಮೋಲ್ಡಿನ ಅಡಿಯಲ್ಲಿ ಕಂಬಿಯ ಗೆರೆಯುದ್ದಕ್ಕೂ ಬಿರುಕು, ಕಂದು ಕಲೆ, ಉದುರುವ ಚಕ್ಕೆ ಕಂಡರೆ ಕಾರಣ ಹೆಚ್ಚುಕಡಿಮೆ ಒಂದೇ. ಕಂಬಿಗೆ ಕೆಳಗಿನಿಂದ 20 ಎಂಎಂ ಕಾಂಕ್ರೀಟ್ ಹೊದಿಕೆ ಬೇಕು. ಕವರ್ ಬ್ಲಾಕ್ (ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ ತುಂಡು) ಇಡದೆ ಹಾಕಿದ ಹಳೇ ಮೋಲ್ಡುಗಳಲ್ಲಿ ಅದು ಹತ್ತು ಎಂಎಂ ಕೂಡ ಇರುವುದಿಲ್ಲ. ತಾರಸಿಯ ಸೋರಿಕೆ, ಮೇಲಿನ ಬಚ್ಚಲಿನ ತೇವ ಕಂಬಿಗೆ ತಲುಪಿ ತುಕ್ಕು ಹಿಡಿಯುತ್ತದೆ. ತುಕ್ಕು ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟ್ ಸಿಡಿಯುತ್ತದೆ.

ಮೊದಲು ಮೇಲಿನ ಸೋರಿಕೆ ನಿಲ್ಲಿಸಬೇಕು, ಆಮೇಲೆ ಕೆಳಗಿನ ರಿಪೇರಿ. ತಿರುವುಮುರುವು ಮಾಡಿದರೆ ಹಣವೆಲ್ಲ ನೀರಿಗೆ. ಜಾಕ್ ಕೊಟ್ಟು, ಸಡಿಲ ಕಾಂಕ್ರೀಟನ್ನು ಕೈಸುತ್ತಿಗೆಯಿಂದ ಬಿಡಿಸಿ. ದೊಡ್ಡ ಬ್ರೇಕರ್ ಮೆಶಿನ್ ಬೇಡ, ಅದರ ನಡುಕಕ್ಕೆ ಗಟ್ಟಿ ಭಾಗವೂ ಸಡಿಲವಾಗುತ್ತದೆ. ಕಂಬಿಯ ಹಿಂದೆ ಬೆರಳು ಹೋಗುವಷ್ಟು, ಸುಮಾರು 20 ಎಂಎಂ, ತೆರೆಯಬೇಕು. ಹಿಂಬದಿಯ ತುಕ್ಕು ಹಾಗೇ ಉಳಿದರೆ ಎರಡೇ ವರ್ಷದಲ್ಲಿ ಅದೇ ಜಾಗ ಮತ್ತೆ ಸಿಡಿಯುತ್ತದೆ. ತಂತಿ ಬ್ರಶ್ಶಿನಿಂದ ಉಕ್ಕು ಹೊಳೆಯುವವರೆಗೆ ಉಜ್ಜಿಸಿ, ವರ್ನಿಯರಿನಿಂದ ವ್ಯಾಸ ಅಳೆಸಿ. 10 ಎಂಎಂ ಕಂಬಿ ಸವೆದು 8.5 ಆಗಿದ್ದರೆ ಒಂದೂವರೆ ಎಂಎಂ ತಾನೇ ಅನಿಸುತ್ತದೆ, ಆದರೆ ಅಡ್ಡಕೊಯ್ತದ ಲೆಕ್ಕದಲ್ಲಿ 28 ಪರ್ಸೆಂಟ್ ಬಲ ಹೋಗಿದೆ. ಕಾಲು ಭಾಗಕ್ಕಿಂತ ಹೆಚ್ಚು ಹೋದ ಕಡೆ ಪಕ್ಕದಲ್ಲಿ ಹೊಸ ಕಂಬಿ ಕಟ್ಟಬೇಕು. ಎರಡೂ ತುದಿಯಲ್ಲಿ ಗಟ್ಟಿ ಕಂಬಿಯ ಜೊತೆ ವ್ಯಾಸದ 50 ಪಟ್ಟು, 10 ಎಂಎಂಗೆ 500 ಎಂಎಂ, ಜೋಡಣೆ ಇರಲಿ.

ಕಂಬಿಗೆ ಝಿಂಕ್ ಪ್ರೈಮರ್, ಹಳೇ ಕಾಂಕ್ರೀಟಿಗೆ ಬಾಂಡಿಂಗ್ ಕೋಟ್, ಅದು ಅಂಟಂಟಾಗಿರುವಾಗಲೇ ಪಾಲಿಮರ್ ಗಾರೆ. ಗಾರೆಯನ್ನು ಒಂದು ಪದರಕ್ಕೆ 10-12 ಎಂಎಂ ಮೀರದಂತೆ ಒತ್ತಿ ಹಚ್ಚಬೇಕು, ಒಂದೇ ಸಲ ಎರಡು ಇಂಚು ಮೆತ್ತಿದರೆ ತನ್ನ ಭಾರಕ್ಕೇ ಜಾರಿ ಒಳಗೆ ಟೊಳ್ಳಾಗುತ್ತದೆ. ಬಾಂಡಿಂಗ್ ಕೋಟ್ ಹಚ್ಚಿ ಊಟಕ್ಕೆ ಹೋಗಿ ಬಂದರೆ ಅದು ಒಣಗಿ, ಅಂಟಿಸಬೇಕಾದದ್ದೇ ಬೇರ್ಪಡಿಸುವ ಪದರವಾಗುತ್ತದೆ. ಇದನ್ನು ನಿಂತು ನೋಡಿ. ಮತ್ತೊಂದು ಮಾತು ಒತ್ತಿ ಹೇಳಬೇಕು: ತುಕ್ಕು ಮುಚ್ಚಲು ಪಿಒಪಿ ಫಾಲ್ಸ್ ಸೀಲಿಂಗ್ ಹಾಕಿಸಬೇಡಿ. ಸಿಡಿಯುವುದು ನಿಲ್ಲುವುದಿಲ್ಲ, ಕಾಣುವುದು ಮಾತ್ರ ನಿಲ್ಲುತ್ತದೆ, ಮತ್ತು ಅದರಡಿ ಮಕ್ಕಳು ಮಲಗುತ್ತಾರೆ.

ಮದ್ರಾಸ್ ತಾರಸಿ ಸೋರಿದರೆ ಮೇಲೆ ಎರಡು ಇಂಚು ಸಿಮೆಂಟ್ ಕಾಂಕ್ರೀಟ್ ಹಾಕುವುದು ಸುಲಭದ ಉಪಾಯವಾಗಿ ಬಂದಿದೆ. ಅದು ಚದರಡಿಗೆ ಸುಮಾರು 11 ಕಿಲೋ. 15 ಅಡಿಗೆ 12 ಅಡಿಯ ಕೋಣೆಯ ಮೇಲೆ ಸುಮಾರು 2,000 ಕಿಲೋ ಹೊಸ ಭಾರ, ಅದೂ ತುದಿ ಕೊಳೆತಿರಬಹುದಾದ ಜಂತೆಗಳ ಮೇಲೆ. ಅದರ ಬದಲು ಕೆಟ್ಟ ಪದರವನ್ನಷ್ಟೇ ತೆಗೆದು, ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟ್ ಹಾಕಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಚಿಮುಕಿಸುತ್ತಾ ಮರದ ಹಲಗೆಯಿಂದ ಬಡಿದು ಗಟ್ಟಿ ಮಾಡುವ ಹಳೇ ವಿಧಾನವನ್ನೇ ಮಾಡಿಸಿ. ಬಲ್ಲ ಮೇಸ್ತ್ರಿಗಳು ಕಡಿಮೆಯಾಗಿದ್ದಾರೆ, ಹುಡುಕಿದರೆ ಸಿಗುತ್ತಾರೆ. ಕೊಳೆತ ಜಂತೆಯ ತುದಿಗೆ ಎರಡು ಬದಿಗೂ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಮಾಡಿ ಉಳಿಸಬಹುದು.

ಇದೇ ಮಾತು ಸುಣ್ಣದ ಗೋಡೆಗೂ. ಸುಣ್ಣದ ಗೋಡೆ ನೆಲದಿಂದ ಏರುವ ತೇವವನ್ನು ಮೇಲ್ಮೈಯಿಂದ ಹೊರಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್, ಪುಟ್ಟಿ, ಎನಾಮಲ್ ಬಣ್ಣ ಹಚ್ಚಿದರೆ ತೇವಕ್ಕೆ ದಾರಿ ಮುಚ್ಚಿ ಇನ್ನೂ ಮೇಲಕ್ಕೆ ಏರುತ್ತದೆ, ಉಪ್ಪು ಹರಳುಗಟ್ಟಿ ಪ್ಲಾಸ್ಟರನ್ನು ತಳ್ಳುತ್ತದೆ. ಸಂದುಗಳನ್ನು ಅರ್ಧ ಇಂಚು ಕೆರೆದು, 1:3 ಸುಣ್ಣ-ಮರಳಿನ ಪ್ಲಾಸ್ಟರ್, ಮೇಲೆ ಸುಣ್ಣದ ಬಣ್ಣ. ನಿಧಾನದ ಕೆಲಸ, ಒಂದು ಕೋಟ್ ಬಿಗಿಯಾಗದೆ ಇನ್ನೊಂದು ಹಾಕುವಂತಿಲ್ಲ.

ಬಚ್ಚಲು, ಪೈಪು, ವೈರು

ಹಳೇ ಬಚ್ಚಲಿನ ಸಂಕನ್ (ಪೈಪಿಗಾಗಿ ತಗ್ಗಿಸಿ ಕಟ್ಟಿದ) ಭಾಗದಲ್ಲಿ ತುಂಬಿದ ಇಟ್ಟಿಗೆ ಚೂರು ವರ್ಷಗಟ್ಟಲೆ ನೀರು ಹೀರಿ ಕೂತಿರುತ್ತದೆ. ಅದನ್ನು ಪೂರ್ತಿ ತೆಗೆದು ಮೋಲ್ಡ್ ಕಾಣುವವರೆಗೆ ಹೋಗಬೇಕು. ಹೊಸ ಟ್ರಾಪು (ವಾಸನೆ ತಡೆಯುವ ನೀರಿನ ಬಾಯಿ), ಕೊಳಚೆ ನೀರಿನ 110 ಎಂಎಂ ಎಸ್‌ಡಬ್ಲ್ಯುಆರ್ ಪೈಪಿಗೆ 50ಕ್ಕೆ 1ರಷ್ಟು ಇಳಿಜಾರು, ಅಂದರೆ 10 ಅಡಿಗೆ ಸುಮಾರು ಎರಡೂವರೆ ಇಂಚು. ಸಿಪಿವಿಸಿ ಜಾಯಿಂಟು ಒಣಗಿದ ಮೇಲೆ ಕೈಪಂಪಿನಿಂದ ಚದರ ಸೆಂಟಿಮೀಟರಿಗೆ 6 ಕೆಜಿ ಒತ್ತಡ ಕೊಟ್ಟು ಎರಡು ಗಂಟೆ ಮೀಟರಿನ ಮುಳ್ಳು ಅಲ್ಲಾಡದಿದ್ದರೆ ಮಾತ್ರ ಗೋಡೆ ಮುಚ್ಚಲಿ. ಗೀಸರಿನ ಬಾಯಿಗೆ ಪ್ಲಾಸ್ಟಿಕ್ ಥ್ರೆಡ್ ಹಾಕಿಸಬೇಡಿ, ಹಿತ್ತಾಳೆಯದ್ದೇ ಬೇಕು.

ವಾಟರ್‌ಪ್ರೂಫಿಂಗ್ ಎರಡು ಕೋಟ್, ಒಂದರ ಮೇಲೊಂದು ಅಡ್ಡ ದಿಕ್ಕಿನಲ್ಲಿ. ಗೋಡೆ-ನೆಲ ಸೇರುವ ಮೂಲೆಯನ್ನು ಮೊದಲು ಗಾರೆಯಿಂದ ದುಂಡಗೆ ಮಾಡಿ, ಕೋಟನ್ನು ಗೋಡೆಯ ಮೇಲೆ ಒಂದಡಿ, ಶವರಿನ ಕಡೆ ಆರಡಿ ಏರಿಸಿ. ಟ್ರಾಪಿನ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ ಕೆಳಗಿನ ಚಾವಣಿ ನೋಡಿ. ಈ ಎರಡು ದಿನ ಉಳಿಸಲು ಹೊರಟ ಕಂಟ್ರಾಕ್ಟರಿಗೆ ಆ ಹಂತದ ಹಣ ಕೊಡಬಾರದು. ಟೈಲ್ಸಿನ ಇಳಿಜಾರು 6 ಅಡಿಗೆ ಒಂದು ಇಂಚಿನಷ್ಟಿದ್ದರೆ ನೀರು ತಾನಾಗಿ ಹೋಗುತ್ತದೆ.

ವೈರಿಂಗ್ ಬಗ್ಗೆ ಒಂದೇ ಸಲಹೆ: ಅರ್ಧ ಹಳೇದು ಅರ್ಧ ಹೊಸದು ಬೇಡ. ಹಳೇ ಮನೆಗಳಲ್ಲಿ ಎರಡು ಮೂರು ಸರ್ಕ್ಯೂಟಿಗೆ ಒಂದೇ ನ್ಯೂಟ್ರಲ್ ಹಂಚಿರುತ್ತಾರೆ, ಲೈಟಿಗೆ ಅರ್ತ್ ಎಳೆದಿರುವುದೇ ಇಲ್ಲ. ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿದ ಕೂಡಲೇ ಅದು ಟ್ರಿಪ್ ಆಗುತ್ತಾ ಹೋಗುತ್ತದೆ, ಬೇಸತ್ತ ಎಲೆಕ್ಟ್ರಿಷಿಯನ್ ಅದನ್ನೇ ಬೈಪಾಸ್ ಮಾಡುತ್ತಾನೆ. ಪ್ರಾಣ ಉಳಿಸುವ ಸಾಧನ ಇದ್ದೂ ಇಲ್ಲದಂತಾಗುತ್ತದೆ. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಎಂಎಂ ತಾಮ್ರದ ವೈರು, ಹೊಸ ಅರ್ತ್ ಪಿಟ್. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಅಡ್ಡ ತೋಡು ಕೊರೆಯಲು ಬಿಡಬೇಡಿ, ಕಂಡ್ಯೂಟ್ (ವೈರಿನ ಕೊಳವೆ) ಮೇಲಿನಿಂದ ನೇರ ಇಳಿಯಲಿ. ಪ್ಲಾಸ್ಟರ್ ಮುಚ್ಚುವ ಮೊದಲು ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೋ ತೆಗೆಸಿ. ಮುಂದೆ ಮೊಳೆ ಹೊಡೆಯುವಾಗ ಅದೇ ನಕ್ಷೆ.

ನೆಲ

ಚೆನ್ನಾಗಿರುವ ರೆಡ್ ಆಕ್ಸೈಡ್ ನೆಲವನ್ನು ಒಡೆಯಬೇಡಿ, ಮೆಶಿನ್ ಪಾಲಿಶ್ ಮಾಡಿಸಿ ವ್ಯಾಕ್ಸ್ ಹಚ್ಚಿದರೆ ಸಾಕು. ತೇಪೆ ಹಾಕಿದರೆ ಬಣ್ಣ ಹೊಂದುವುದಿಲ್ಲ ಎಂಬುದನ್ನು ಒಪ್ಪಿಕೊಂಡಿರಬೇಕು ಅಷ್ಟೆ. ಮೇಲೆ ಟೈಲ್ಸ್ ಹಾಕಲೇಬೇಕೆಂದರೆ ಗಾರೆಯ ಬೆಡ್ಡಿನ ಬದಲು ಅಡ್ಹೆಸಿವ್ ಬಳಸಿ. ಗಾರೆಯಲ್ಲಿ ನೆಲ ಎರಡು ಇಂಚಿನಷ್ಟು ಏರುತ್ತದೆ, ಅಡ್ಹೆಸಿವ್‌ನಲ್ಲಿ 16 ಎಂಎಂ ಮಾತ್ರ. ಎರಡು ಇಂಚು ಏರಿದರೆ ಎಲ್ಲ ಬಾಗಿಲ ಅಡಿ ಕೊಯ್ಯಬೇಕು, ತಲೆಬಾಗಿಲ ಹೊಸ್ತಿಲು ಹೂತುಹೋಗುತ್ತದೆ, ಒಳಮೆಟ್ಟಿಲಿನ ಮೊದಲ ಮೆಟ್ಟಿಲು ಉಳಿದವಕ್ಕಿಂತ ಗಿಡ್ಡವಾಗುತ್ತದೆ. ಆರು ಇಂಚಿನ ಮೆಟ್ಟಿಲುಗಳ ನಡುವೆ ನಾಲ್ಕು ಇಂಚಿನದೊಂದು ಬಂದರೆ ವಯಸ್ಸಾದವರು ಎಡವುವುದು ಅಲ್ಲೇ.

ನೆಲ ಮುಗಿಸುವ ಮೊದಲು ಗೆದ್ದಲಿನ ಔಷಧಿ. ಗೋಡೆ-ನೆಲ ಸೇರುವಲ್ಲಿ ಒಂದಡಿಗೊಂದು 12 ಎಂಎಂ ತೂತು, ಪ್ರತಿ ತೂತಿಗೂ ಒಂದು ಲೀಟರ್ ಅಥವಾ ಹೀರುವಷ್ಟು, ಆಮೇಲೆ ಸಿಮೆಂಟಿನಿಂದ ಮುಚ್ಚಿಸಿ. ಟೈಲ್ಸ್ ಆದ ಮೇಲೆ ನೆನಪಾದರೆ ಹೊಸ ನೆಲಕ್ಕೇ ತೂತು ಬೀಳುತ್ತದೆ.

ಹೊರಗಿನ ಮತ್ತು ತಾರಸಿಯ ಕೆಲಸವನ್ನು ಜನವರಿಗೆ ಶುರು ಮಾಡಿ ಮೇ ಮಧ್ಯದೊಳಗೆ ಮುಗಿಸುವಂತೆ ಕರಾರಿನಲ್ಲೇ ತಾರೀಖು ಹಾಕಿಸಿ. ಹೊಸ ಪ್ಲಾಸ್ಟರಿಗೆ ಏಳು ದಿನ ಕ್ಯೂರಿಂಗ್, ಬಣ್ಣಕ್ಕೆ ಮುಂಚೆ ಕನಿಷ್ಠ 28 ದಿನ ಒಣಗಲು ಬಿಡಿ. ಗೃಹಪ್ರವೇಶದ ಮುಹೂರ್ತವನ್ನು ಈ ದಿನಗಳನ್ನು ಎಣಿಸಿಯೇ ಇಡಿ. ಜೂನ್‌ನಿಂದ ಸೆಪ್ಟೆಂಬರ್ ಒಂದು ಮಳೆ, ಅಕ್ಟೋಬರ್-ನವೆಂಬರಿನ ಹಿಂಗಾರು ಇನ್ನೊಂದು. ಎರಡೂ ಮುಗಿದ ಮೇಲೆ ಬೀಮಿನ ಅಂಚು, ಬಚ್ಚಲ ಕೆಳಗಿನ ಚಾವಣಿ, ಕಿಟಕಿಯ ಸುತ್ತ, ಪ್ಯಾರಾಪೆಟ್ ಗೋಡೆಯ ಬುಡ, ಈ ನಾಲ್ಕು ಕಡೆಯನ್ನು ಕಂಟ್ರಾಕ್ಟರಿನ ಜೊತೆಯಲ್ಲೇ ನೋಡಿ, ಕಲೆ ಕಂಡಲ್ಲಿ ಸರಿಮಾಡಿಸಿ, ಉಳಿದ ಐದು ಪರ್ಸೆಂಟ್ ಚೆಕ್ ಬರೆದುಕೊಡಿ.